ಕೂಸಿನ ಕೊರಳಿಗೆ ಲಿಂಗ ಕಟ್ಟಿದವರು ಕೊಟ್ಟ ಮಾತೇನು?

ಜೇವರ್ಗಿ, ಅಫಜಲಪುರ, ಆಳಂದ. ನಮ್ಮ ಕಡೆಯ ಈ ಮೂರು ತಾಲೂಕುಗಳ ಅನೇಕ ಲಿಂಗಾಯತ ಮನೆಗಳಲ್ಲಿ ಕೂಸು ಹುಟ್ಟಿದ ಮೇಲೆ ಹೆಸರಿಡೋದಕ್ಕಿಂತ ಮೊದಲೇ ಲಿಂಗ ಕಟ್ಟುತ್ತಾರೆ. ಸ್ವಾಮಿಗಳು ಬರ್ತಾರೆ, ಹಣೆಗೆ ವಿಭೂತಿ ಹಚ್ಚುತ್ತಾರೆ, ಪುಟ್ಟದೊಂದು ಲಿಂಗವನ್ನು ಕೂಸಿನ ಕೊರಳಿಗೋ ತೊಟ್ಟಿಲಿಗೋ ಕಟ್ಟುತ್ತಾರೆ. ಕಲಬುರಗಿ, ಬೀದರ್ ಕಡೆಯ ಮೆಥಡಿಸ್ಟ್ ಚರ್ಚುಗಳಲ್ಲಿ ಹೆತ್ತವರು ಕೂಸನ್ನು ಎತ್ತಿಕೊಂಡು ಸಭೆಯ ಮುಂದೆ ನಿಲ್ಲುತ್ತಾರೆ, ಸಭಾಪಾಲಕರು ಅದರ ತಲೆಗೆ ನೀರು ಹಾಕಿ ದೀಕ್ಷಾಸ್ನಾನ ಕೊಡುತ್ತಾರೆ. ಎರಡೂ ಕಡೆ ಕೂಸಿಗೆ ಏನೂ ಗೊತ್ತಿರೋದಿಲ್ಲ. ಎಚ್ಚರ ಇದ್ರೆ ಅಳ್ತದ, ಇಲ್ಲಾಂದ್ರ ಮಲಗಿರ್ತದ.

ನಾನು ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು. ಮೊಬೈಲ್‌ನಲ್ಲಿ ಒಂದು ಸಣ್ಣ ಆ್ಯಪ್ ಹಾಕಿಕೊಂಡರೂ ಒಪ್ಪಿಗೆ ಇದೆಯಾ ಅಂತ ಕೇಳುವ ಕಾಲ ಇದು. ಹಾಗಾಗಿ ನನ್ನ ವಯಸ್ಸಿನ ಗೆಳೆಯರು, ನನಗಿಂತ ಚಿಕ್ಕವರು ಮತ್ತೆ ಮತ್ತೆ ಎತ್ತುವ ಪ್ರಶ್ನೆ ನನಗೆ ಅರ್ಥವಾಗ್ತದೆ. ಕೇಳದೇ ಕಟ್ಟಿದ್ದು ದೀಕ್ಷೆ ಹೇಗಾಗ್ತದೆ? ಹುಟ್ಟಿನಿಂದ ಬಂದ ಜಾತಿಗೂ ಹುಟ್ಟಿದಾಗಲೇ ಕಟ್ಟಿದ ಲಿಂಗಕ್ಕೂ ಏನು ವ್ಯತ್ಯಾಸ? ಈ ಪ್ರಶ್ನೆಯನ್ನು ಹಗುರ ಮಾಡಬಾರದು. ಆದರೆ ಇದು ಇವತ್ತಿನ ಪ್ರಶ್ನೆಯೂ ಅಲ್ಲ. ನಮ್ಮ ನೆಲದಲ್ಲಿ ಇದನ್ನು ಎಲ್ಲರಿಗಿಂತ ತೀವ್ರವಾಗಿ ಬದುಕಿದವರು ಬಸವಣ್ಣ. ಅವರ ಬದುಕನ್ನು ಈ ಒಂದು ಪ್ರಶ್ನೆ ಇಟ್ಟುಕೊಂಡು ಮತ್ತೊಮ್ಮೆ ನೋಡೋಣ.

ಎರಡು ಬಾಲ್ಯ

ಬಸವಣ್ಣ ಹುಟ್ಟಿದ್ದು 12ನೇ ಶತಮಾನದಲ್ಲಿ, ಇಂದಿನ ವಿಜಯಪುರ ಜಿಲ್ಲೆಯ ಬಾಗೇವಾಡಿಯ ಬ್ರಾಹ್ಮಣ ಕುಟುಂಬದಲ್ಲಿ. ತಂದೆ ಮಾದರಸ, ತಾಯಿ ಮಾದಲಾಂಬಿಕೆ, ಅಕ್ಕ ನಾಗಮ್ಮ. ಬೆಳಗಾವಿ ಜಿಲ್ಲೆಯ ಅರ್ಜುನವಾಡದ 1260ರ ಶಾಸನ ಅವರ ಹೆಸರನ್ನು ಹೇಳುತ್ತದೆ. ಆದರೆ ಅವರ ಬಾಲ್ಯ ನಮಗೆ ಬಂದಿರೋದು ಮುಖ್ಯವಾಗಿ ಭಕ್ತಕವಿಗಳ ಕೃತಿಗಳಿಂದ. ಕುತೂಹಲದ ಸಂಗತಿ ಅಂದ್ರೆ, ಜನಿವಾರದ ವಿಷಯದಲ್ಲಿ ಈ ಕವಿಗಳ ಕಥೆ ಒಂದೇ ಅಲ್ಲ.

ಬಸವಣ್ಣನವರ ಕಾಲಕ್ಕೆ ಹತ್ತಿರದ ಹರಿಹರನ ರಗಳೆಯಲ್ಲಿ ಹುಡುಗನಿಗೆ ಉಪನಯನ ಆಗಿಬಿಟ್ಟಿರುತ್ತದೆ. ತಂದೆತಾಯಿ ಬೇಗ ತೀರಿಕೊಳ್ತಾರೆ, ಅಜ್ಜಿ ಸಾಕುತ್ತಾಳೆ. ಹದಿನಾರರ ಹೊತ್ತಿಗೆ ಅವನಿಗೆ ಶಿವಭಕ್ತಿಯೂ ಕರ್ಮದ ಆಚರಣೆಯೂ ಒಟ್ಟಿಗೆ ಬಾಳಲಾರವು ಅನ್ನಿಸುತ್ತದೆ. ಹಾಕಿದ ಜನಿವಾರವನ್ನು ತಾನೇ ತೆಗೆದುಹಾಕಿ, ಆಸ್ತಿಪಾಸ್ತಿ ಬಿಟ್ಟು ಕೂಡಲಸಂಗಮದ ದಾರಿ ಹಿಡಿಯುತ್ತಾನೆ.

ಅದಾದ ಮೇಲೆ ಪಾಲ್ಕುರಿಕೆ ಸೋಮನಾಥ ತೆಲುಗಿನಲ್ಲಿ ಬಸವಪುರಾಣ ಬರೆದ. ಅದನ್ನು ಆಧರಿಸಿ ಭೀಮಕವಿ 1369ರಲ್ಲಿ ಕನ್ನಡದ ಬಸವಪುರಾಣ ಮುಗಿಸಿದ. ಇವರ ಕಥೆಯಲ್ಲಿ ಬಸವ ಎಂಟು ವರ್ಷದ ಪುಟ್ಟ ಹುಡುಗ. ಅಪ್ಪ ಉಪನಯನಕ್ಕೆ ತಯಾರಿ ಮಾಡಿದಾಗ ಬೇಡ ಅಂತಾನೆ. ಕಾರಣ ಸರಳ: ತಾನು ಈಗಾಗಲೇ ಶಿವನವನು, ಮೇಲೆ ಇನ್ನೊಂದು ದೀಕ್ಷೆ ಯಾಕೆ? ಈ ಪುರಾಣದ ಪ್ರಕಾರ ಅವನು ತಾಯಿಯ ಗರ್ಭಕ್ಕೆ ಬರುವಾಗಲೇ ಶಿವನ ಗುರುತು ಹೊತ್ತು ಬಂದವನು. ಜನ ಇವತ್ತಿಗೂ ಹೇಳುವ ಕಥೆಯಲ್ಲಿ ಇನ್ನೂ ಒಂದು ಪ್ರಶ್ನೆ ಸೇರಿಕೊಂಡಿದೆ. ನನಗೆ ಜನಿವಾರ ಹಾಕೋದಾದ್ರೆ ಅಕ್ಕನಿಗ್ಯಾಕೆ ಇಲ್ಲ ಅಂತ ಹುಡುಗ ಕೇಳ್ತಾನೆ.

ಈ ಎರಡರಲ್ಲಿ ಯಾವುದು ನಡೆದದ್ದು ಅಂತ ತೀರ್ಪು ಕೊಡೋದು ನನ್ನ ಉದ್ದೇಶ ಅಲ್ಲ. ಎರಡೂ ಕಥೆ ಕಟ್ಟಿದವರು ಭಕ್ತರೇ. ಆದರೆ ಎರಡು ಕಥೆಗಳ ಹಿಂದೆ ಎರಡು ನಿಲುವುಗಳಿವೆ. ಹರಿಹರನಿಗೆ ದೀಕ್ಷೆ ಅಂದ್ರೆ ಬುದ್ಧಿ ಬಂದ ಮೇಲೆ ಮನುಷ್ಯ ತಾನೇ ತೆಗೆದುಕೊಳ್ಳುವ ನಿರ್ಧಾರ, ಅದಕ್ಕೆ ಬೆಲೆ ಕೊಡಬೇಕು. ಸೋಮನಾಥ ಮತ್ತು ಭೀಮಕವಿಗೆ ದೀಕ್ಷೆ ಮನುಷ್ಯ ಗಳಿಸುವ ವಸ್ತುವೇ ಅಲ್ಲ. ಅವನು ಕೇಳುವ ಮೊದಲೇ ದೇವರು ಅವನನ್ನು ತನ್ನವನು ಅಂದಿರುತ್ತಾನೆ, ಮನುಷ್ಯ ಆಮೇಲೆ ಅದನ್ನು ಗುರುತಿಸುತ್ತಾನೆ.

ನೀರಿಗಾಗಿ ನಡೆದ ಜಗಳ

ಇದೇ ಎರಡು ನಿಲುವುಗಳಿಗಾಗಿ ಕ್ರೈಸ್ತ ಯುರೋಪಿನಲ್ಲಿ ಜೀವಗಳು ಹೋದವು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ 1525ರ ಜನವರಿಯಲ್ಲಿ ಕೆಲವು ಯುವಕರು ಕೂಸಿದ್ದಾಗ ತಮಗೆ ಕೊಟ್ಟ ದೀಕ್ಷಾಸ್ನಾನ ಲೆಕ್ಕಕ್ಕಿಲ್ಲ ಎಂದು ತೀರ್ಮಾನಿಸಿ, ದೊಡ್ಡವರಾಗಿ ಮತ್ತೆ ದೀಕ್ಷಾಸ್ನಾನ ಪಡೆದರು. ನಂಬಿಕೆ ಇಲ್ಲದೆ ದೀಕ್ಷೆ ಇಲ್ಲ, ಕೂಸಿಗೆ ನಂಬಿಕೆ ಇರೋಕೆ ಸಾಧ್ಯವಿಲ್ಲ ಅನ್ನೋದು ಅವರ ವಾದ. ನಗರಸಭೆ ಅದನ್ನು ಅಪರಾಧ ಅಂತ ಘೋಷಿಸಿತು. ಅವರಲ್ಲೊಬ್ಬ ಫೆಲಿಕ್ಸ್ ಮಾಂಟ್ಸ್. 1527ರ ಜನವರಿಯಲ್ಲಿ ಅವನನ್ನು ಕಟ್ಟಿ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ಇವತ್ತು ಬ್ಯಾಪ್ಟಿಸ್ಟ್, ಪೆಂತೆಕೋಸ್ತ್ ಸಭೆಗಳು ಕೂಸಿಗೆ ದೀಕ್ಷಾಸ್ನಾನ ಕೊಡೋದಿಲ್ಲ.

ಎದುರು ಪಕ್ಷದ ವಾದವನ್ನೂ ಸರಿಯಾಗಿ ಕೇಳಬೇಕು. ಕನ್ನಡ ಬೈಬಲಿನಲ್ಲಿ ಅದಕ್ಕೆ ಒಂದು ಚೆಂದದ ಪದ ಇದೆ: ಒಡಂಬಡಿಕೆ. ದೇವರು ಅಬ್ರಹಾಮನ ಜೊತೆ ಒಡಂಬಡಿಕೆ ಮಾಡಿಕೊಂಡ, ಅವನ ಜೊತೆ ಮಾತ್ರ ಅಲ್ಲ, ಅವನ ಸಂತತಿಯ ಜೊತೆಗೂ. ಅದರ ಗುರುತಾಗಿ ಗಂಡು ಕೂಸಿಗೆ ಎಂಟನೇ ದಿನ ಸುನ್ನತಿ. ಎಂಟು ದಿನದ ಕೂಸು ಏನನ್ನೂ ಒಪ್ಪಿರಲಿಲ್ಲ, ಆದರೂ ಅದು ಒಡಂಬಡಿಕೆಯ ಒಳಗಿತ್ತು. ಹೊಸ ಒಡಂಬಡಿಕೆಯಲ್ಲಿ ಸುನ್ನತಿಯ ಜಾಗಕ್ಕೆ ನೀರು ಬಂತು, ವಾಗ್ದಾನ ಮಾತ್ರ ದೊಡ್ಡವರಿಗೂ ಮಕ್ಕಳಿಗೂ ಅದೇ ಅನ್ನೋದು ಇವರ ತರ್ಕ. 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರಿ ಇದನ್ನೇ ಸಿದ್ಧಾಂತವಾಗಿ ಬರೆದಿಟ್ಟಿತು. ಹಳೆಯ ಗುರುತು ಗಂಡುಮಕ್ಕಳಿಗೆ ಮಾತ್ರ ಇತ್ತು, ನೀರು ಹೆಣ್ಣುಕೂಸಿನ ತಲೆಗೂ ಬಿತ್ತು. ಇದನ್ನು ಮರೀಬಾರದು.

ಈ ವಾದದಲ್ಲಿ ನನಗೆ ಮುಖ್ಯ ಅನ್ನಿಸೋದು ಒಂದು ಅಂಶ. ಕೂಸಿನ ದೀಕ್ಷಾಸ್ನಾನದಲ್ಲಿ ಕೂಸು ಮಾತು ಕೊಡೋದಿಲ್ಲ. ಸಭಾಪಾಲಕರು ಪ್ರಶ್ನೆ ಕೇಳೋದು ಹೆತ್ತವರನ್ನು. ಹೌದು ಅನ್ನೋದು ಹೆತ್ತವರು, ಅವರ ಜೊತೆ ನಿಂತ ಸಭೆ. ಈ ಕೂಸನ್ನು ನಾವು ನಮ್ಮದು ಅಂತ ನಡೆಸಿಕೊಳ್ತೀವಿ ಅಂತ ಮಾತು ಕೊಟ್ಟವರು ಅವರು. ಕೂಸು ದೊಡ್ಡದಾದ ಮೇಲೆ ದೃಢೀಕರಣದ ಹೊತ್ತಿಗೆ ತನ್ನ ಮಾತು ತಾನು ಹೇಳ್ತದೆ. ಅಲ್ಲಿಯವರೆಗೆ ಸಾಲಗಾರರು ದೊಡ್ಡವರೇ.

ಈ ಕನ್ನಡಕ ಹಾಕಿಕೊಂಡು ಕಲ್ಯಾಣವನ್ನು ನೋಡಿ.

ಅಂಗೈಗೆ ಬಂದ ದೇವರು

ಕೂಡಲಸಂಗಮದಲ್ಲಿ ಓದು, ಸಾಧನೆ ಮುಗಿಸಿದ ಬಸವಣ್ಣ ಮಂಗಳವೇಢೆಗೆ ಬಂದರು. ಈಗ ಅದು ಮಹಾರಾಷ್ಟ್ರದ ಸೋಲಾಪುರ ಜಿಲ್ಲೆಯಲ್ಲಿದೆ, ಆಗ ಕಳಚೂರಿ ಬಿಜ್ಜಳನ ನೆಲೆ. ಅಲ್ಲಿ ಕರಣಿಕನಾಗಿ ಲೆಕ್ಕಪತ್ರ ನೋಡುವ ಕೆಲಸದಿಂದ ಶುರುಮಾಡಿದವರು ಕೊನೆಗೆ ಭಂಡಾರಿಯಾದರು. ಗಂಗಾಂಬಿಕೆ, ನೀಲಾಂಬಿಕೆಯರ ಜೊತೆ ಸಂಸಾರ ನಡೆಸಿದರು. ಚಾಲುಕ್ಯರ ಸಾಮಂತನಾಗಿದ್ದ ಬಿಜ್ಜಳ 1157ರ ಸುಮಾರಿಗೆ ಕಲ್ಯಾಣದ ಅಧಿಕಾರವನ್ನೇ ಕೈಗೆ ತೆಗೆದುಕೊಂಡಾಗ ಬಸವಣ್ಣನವರ ಕೆಲಸವೂ ಆ ರಾಜಧಾನಿಗೆ ಬಂತು. ಅದೇ ಈಗಿನ ಬಸವಕಲ್ಯಾಣ, ನಮ್ಮ ಆಳಂದದಿಂದ ಈಶಾನ್ಯಕ್ಕೆ.

ಅಲ್ಲಿ ನಡೆದದ್ದನ್ನು ಶಾಲೆಯ ಪುಸ್ತಕಗಳು ಒಂದೆರಡು ವಾಕ್ಯದಲ್ಲಿ ಮುಗಿಸಿಬಿಡುತ್ತವೆ. ಗುಡಿಯೊಳಗೆ ಬಿಡದ ಜನರ ಅಂಗೈಗೇ ದೇವರನ್ನು ಕೊಟ್ಟರು. ಚರ್ಮದ ಕೆಲಸದ ಹರಳಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಸೂಳೆ ಸಂಕವ್ವೆ, ಎಲ್ಲರ ಮೈಮೇಲೂ ಒಂದೇ ಲಿಂಗ. ಜನಿವಾರ ಕೆಲವರ ಮನೆಯ ಗಂಡುಮಕ್ಕಳಿಗೆ ಮಾತ್ರ. ಲಿಂಗಕ್ಕೆ ಅಂಥ ಗಡಿ ಇರಲಿಲ್ಲ, ಹೆಣ್ಣಿಗೂ ಗಂಡಿಗೂ ಅದೇ ಶಿವದಾರ.

ಕೂಸಿಗೆ ಲಿಂಗ ಕಟ್ಟುವ ಪದ್ಧತಿಯ ಅರ್ಥ ಇರೋದು ಇಲ್ಲೇ ಅಂತ ನನಗನ್ನಿಸುತ್ತದೆ. ಧರ್ಮಶಾಸ್ತ್ರದ ಲೆಕ್ಕದಲ್ಲಿ ಹೆರಿಗೆ ಅಂದ್ರೆ ಸೂತಕ. ಬಾಣಂತಿಯೂ ಮೈಲಿಗೆ, ಕೂಸೂ ಮೈಲಿಗೆ, ಮನೆಗೆ ಮನೆಯೇ ಮೈಲಿಗೆ. ಶರಣರು ಐದು ಸೂತಕಗಳನ್ನು ಹೆಸರಿಟ್ಟು ತಳ್ಳಿಹಾಕಿದರು: ಹುಟ್ಟಿನದು, ಸಾವಿನದು, ಮುಟ್ಟಿನದು, ಎಂಜಲಿನದು, ಜಾತಿಯದು. ಹೆರಿಗೆ ಮನೆಗೆ ಹೋಗಿ, ಇನ್ನೂ ಮೈಲಿಗೆ ಅನ್ನಿಸಿಕೊಂಡ ಕೂಸಿನ ಮೈಮೇಲೆ ದೇವರನ್ನೇ ಇಡೋದು ಅಂದ್ರೆ ಈ ಇಡೀ ಲೆಕ್ಕದ ಪುಸ್ತಕವನ್ನು ಹರಿದು ಹಾಕಿದ ಹಾಗೆ. ಹುಟ್ಟು ಹೊಲಸಲ್ಲ ಅಂತ ಅದು ಸಾರುತ್ತದೆ. ಹುಟ್ಟಿನಿಂದ ಯಾರೂ ದೊಡ್ಡವರಲ್ಲ ಅಂತಲೂ ಸಾರುತ್ತದೆ. ಕೂಸು ಏನೂ ಸಾಧಿಸಿಲ್ಲ, ಮಂತ್ರ ಕಲಿತಿಲ್ಲ, ಯಾರ ಮಗ ಅನ್ನೋದೂ ಅದಕ್ಕೆ ಗೊತ್ತಿಲ್ಲ. ಆದರೂ ಅದು ಪೂರ್ತಿ ಒಳಗಿನದು.

ಹಾಗಾಗಿ ಕೇಳದೇ ಕಟ್ಟಿದರು ಅನ್ನೋ ಆಕ್ಷೇಪಕ್ಕೆ ನನ್ನ ಉತ್ತರ ಹೀಗಿದೆ. ಜಾತಿಯೂ ಕೂಸನ್ನು ಕೇಳದೇ ಅಂಟಿಕೊಳ್ಳುತ್ತದೆ. ಯಾರೂ ಏನೂ ಕಟ್ಟದಿದ್ದರೆ ಕೂಸು ಸ್ವತಂತ್ರವಾಗಿ ಉಳಿಯೋದಿಲ್ಲ, ಜಾತಿಯ ಕೈಗೆ ಬೀಳ್ತದೆ. ಜಾತಿ ಬಂದು ಕೂರುವ ಮೊದಲೇ ಇನ್ನೊಂದು ಮಾತು ಹೇಳಿಬಿಡೋದು ಕಲ್ಯಾಣದ ತಂತ್ರವಾಗಿತ್ತು. ಆದರೆ ಆ ಮಾತು ಉಳಿಯಬೇಕಾದರೆ ಅದನ್ನು ಹೇಳಿದ ದೊಡ್ಡವರು ಅದರಂತೆ ನಡೀಬೇಕು.

ಪರೀಕ್ಷೆ ಬಂದ ದಿನ

ಪರೀಕ್ಷೆ ಬಂದದ್ದು ಮಕ್ಕಳ ಮದುವೆಯ ರೂಪದಲ್ಲಿ. ಪರಂಪರೆ ಹೇಳುವಂತೆ, ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾಯಿತು. ಶರಣರ ದೃಷ್ಟಿಯಲ್ಲಿ ಇದರಲ್ಲಿ ವಿಶೇಷ ಏನೂ ಇರಲಿಲ್ಲ. ಇಬ್ಬರೂ ಲಿಂಗವಂತರು, ಇಬ್ಬರಿಗೂ ಹಿಂದಿನ ಕುಲ ಇಲ್ಲ. ಆದರೆ ಸಮಗಾರನ ಕೊರಳಿಗೆ ಲಿಂಗ ಬಂದಾಗ ಗೊಣಗಿ ಸುಮ್ಮನಾದವರು, ಅವನ ಮಗ ಬೀಗರ ಮನೆಯ ಅಳಿಯನಾದಾಗ ಸುಮ್ಮನಿರಲಿಲ್ಲ. ಬಿಜ್ಜಳನ ಆಸ್ಥಾನಕ್ಕೆ ದೂರು ಹೋಯಿತು. ಹರಳಯ್ಯ, ಮಧುವರಸರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಿ ಕೊಂದರು ಅನ್ನುತ್ತದೆ ಪರಂಪರೆ. ಅದನ್ನೇ ಎಳೆಹೂಟೆ ಶಿಕ್ಷೆ ಅಂತಾರೆ.

ಆಮೇಲಿನದ್ದು ಬೇಗ ಬೇಗ ನಡೆದುಹೋಯಿತು. ಬಸವಣ್ಣ ಅಧಿಕಾರ ಬಿಟ್ಟು ಕೂಡಲಸಂಗಮಕ್ಕೆ ಮರಳಿದರು. ಬಿಜ್ಜಳನ ಕೊಲೆಯಾಯಿತು. ಶರಣರು ದಿಕ್ಕಾಪಾಲಾದರು, ಒಂದು ಗುಂಪು ಚನ್ನಬಸವಣ್ಣನವರ ಜೊತೆ ಉಳವಿಯ ಕಾಡು ಸೇರಿತು. 1167-68ರ ಆಸುಪಾಸಿನಲ್ಲಿ, ಎಲ್ಲಿಂದ ಶುರು ಮಾಡಿದ್ದರೋ ಅದೇ ನದಿಗಳ ಕೂಡಲಿನಲ್ಲಿ ಬಸವಣ್ಣನವರ ಬದುಕು ಮುಗಿಯಿತು.

ಈ ಕೊನೆಯನ್ನು ನಾವು ಸಾಮಾನ್ಯವಾಗಿ ಅರಸನ ಕ್ರೌರ್ಯದ ಕಥೆಯಾಗಿ ಓದುತ್ತೇವೆ. ಕ್ರೌರ್ಯ ಇತ್ತು, ನಿಜ. ಆದರೆ ಅದರೊಳಗೆ ಇನ್ನೊಂದು ಕಥೆ ಇದೆ. ಲಿಂಗ ಕಟ್ಟೋದು ಅಂದ್ರೆ ಕೂಸು ಬೆಳೆದು ಪ್ರೀತಿಸುವ, ಮದುವೆಯಾಗುವ, ಉಣ್ಣುವ, ಸಾಯುವ ದಿನದವರೆಗೂ ಅದರ ಜೊತೆ ನಿಲ್ಲೋದು ಅಂತ ಹರಳಯ್ಯ, ಮಧುವರಸ, ಬಸವಣ್ಣ ಮೂವರೂ ನಂಬಿದ್ದರು. ಆ ನಂಬಿಕೆಗೆ ಇಬ್ಬರು ಜೀವ ಕೊಟ್ಟರು, ಒಬ್ಬರು ತಾವು ಕಟ್ಟಿದ್ದೆಲ್ಲವನ್ನೂ ಕೊಟ್ಟರು.

ಆಮೇಲೆ ನಾವು ಮಾಡಿದ್ದು

ಈಗ ಒಂದು ಸರ್ಕಾರಿ ದಾಖಲೆ ತೆರೆದು ನೋಡಿ. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಚಮ್ಮಾರ, ಸಮಗಾರ, ಮೋಚಿ ಹೆಸರುಗಳ ಜೊತೆಗೇ ಹರಳಯ್ಯ ಅನ್ನೋ ಹೆಸರೂ ಇದೆ. ಇನ್ನೊಂದು ಕಡೆ ಡೋರ್ ಜೊತೆಗೆ ಕಕ್ಕಯ್ಯ ಇದೆ. ಜಾತಿ ಕಳೆದುಕೊಳ್ಳೋಕೆ ಲಿಂಗ ಕಟ್ಟಿಕೊಂಡ ಇಬ್ಬರು ಶರಣರ ಹೆಸರುಗಳೇ ಜಾತಿಯ ಹೆಸರುಗಳಾಗಿ ಪಟ್ಟಿ ಸೇರಿವೆ. ಆ ಸಮುದಾಯಗಳಿಗೆ ಮೀಸಲಾತಿ ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಪಟ್ಟಿ ಉಳಿದ ಲಿಂಗಾಯತರ ಬಗ್ಗೆ ಏನು ಹೇಳುತ್ತದೆ ಅನ್ನೋದನ್ನೂ ಓದಬೇಕು. ಒಂದೇ ಲಿಂಗ ಕಟ್ಟಿಕೊಂಡವರು ಇವರ ಮನೆಗೆ ಹೆಣ್ಣು ಕೊಡಲಿಲ್ಲ, ಇವರ ಮನೆಯಿಂದ ಹೆಣ್ಣು ತರಲಿಲ್ಲ.

ಒಳಗೂ ಅಷ್ಟೇ. ಎಲ್ಲ ಕೂಸುಗಳಿಗೂ ಲಿಂಗ ಕಟ್ಟುವ ಸಮಾಜದಲ್ಲೇ, ಜಂಗಮರ ಮನೆಯಲ್ಲಿ ಹುಟ್ಟಿದ ಗಂಡುಮಕ್ಕಳಿಗೆ ಮಾತ್ರ ಅಯ್ಯಾಚಾರ ಬೇರೆಯಾಗಿ ನಡೀತದೆ. ಎಂಟು ವರ್ಷದ ಬಸವ ಬೇಡ ಅಂದದ್ದು ಇಂಥದ್ದನ್ನೇ ಅಲ್ವಾ? ಲಿಂಗಾಯತದೊಳಗಿನ ಒಳಪಂಗಡಗಳ ನಡುವೆ ಸಂಬಂಧ ಬೆಳೆಸೋಕೆ ಇವತ್ತಿಗೂ ಹತ್ತು ಸಲ ಯೋಚನೆ ಮಾಡುವವರಿದ್ದಾರೆ.

ಚರ್ಚುಗಳು ಈ ಮಾತಿಗೆ ಹೊರತು ಅಂತ ತಿಳ್ಕೋಬೇಡಿ. ಒಂದೇ ನೀರಿನಲ್ಲಿ ದೀಕ್ಷಾಸ್ನಾನ ಪಡೆದವರಿಗೆ ಬೇರೆ ಸಾಲಿನ ಆಸನ, ಬೇರೆ ಸಮಾಧಿ ಜಾಗ ಕೊಟ್ಟ ಚರ್ಚುಗಳು ಭಾರತದಲ್ಲಿವೆ. ಇನ್ನು 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರು ಪರಿಶಿಷ್ಟ ಜಾತಿಯವರಲ್ಲ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಆ ಬಾಗಿಲು ತೆರೀತು, ಕ್ರೈಸ್ತರಿಗೆ, ಮುಸ್ಲಿಮರಿಗೆ ತೆರೀಲಿಲ್ಲ. ನೀರು ಬಿದ್ದ ಮೇಲೆ ಜಾತಿ ಹೋಯಿತು ಅಂತ ಕಾಗದ ಹೇಳುತ್ತದೆ, ಊರು ಮಾತ್ರ ಹಂಗ ಹೇಳೋದಿಲ್ಲ.

ಆದರೂ ಕಲ್ಯಾಣದ ಮಾತು ನಮ್ಮ ನೆಲದಲ್ಲಿ ಪೂರ್ತಿ ಸತ್ತಿರಲಿಲ್ಲ. ಅಫಜಲಪುರ ತಾಲೂಕಿನ ಬಿದನೂರಿನಲ್ಲಿ ಹುಟ್ಟಿ, ಹಿಂದೆ ಜೇವರ್ಗಿ ತಾಲೂಕಿನಲ್ಲಿದ್ದ ಕಡಕೋಳದಲ್ಲಿ ನೆಲೆನಿಂತ ಮಡಿವಾಳಪ್ಪ ಮೈಲಿಗೆಯನ್ನು ನೇರವಾಗಿ ಹಾಡಿನಲ್ಲಿ ಪ್ರಶ್ನೆ ಮಾಡಿದರು. ಎಲ್ಲರೂ ಬಂದ ದಾರಿ ಒಂದೇ ಆಗಿರುವಾಗ ಮುಟ್ಟಬಾರದವರು ಯಾರು ಅನ್ನೋದು ಅವರ ವಾದ. ಚನ್ನೂರ ಜಲಾಲಸಾಹೇಬರಂಥ ಮುಸ್ಲಿಮರು ಅವರ ಶಿಷ್ಯರಾದರು. ಜೇವರ್ಗಿ ಸೀಮೆಯ ಅರಳಗುಂಡಗಿಯಿಂದ ಹೊರಟ ಶರಣಬಸವೇಶ್ವರರು ಕಲಬುರಗಿಯಲ್ಲಿ ದಾಸೋಹ ನಡೆಸಿದರು. ನಮ್ಮ ಮೂರು ತಾಲೂಕುಗಳ ಭಜನೆ ಮನೆಗಳಲ್ಲಿ ಇವರ ಪರಂಪರೆ ಇನ್ನೂ ಉಸಿರಾಡ್ತಿದೆ. ಆದರೆ ಹಾಡಿನಲ್ಲಿ ಉಳಿದದ್ದು ಲಗ್ನಪತ್ರಿಕೆಯವರೆಗೆ ಬಂದಿಲ್ಲ.

ಅರ್ಜಿ ನಮೂನೆಯಲ್ಲಿ ಸಿಗದ ಉತ್ತರ

ಕಳೆದ ಕೆಲವು ವರ್ಷಗಳಿಂದ ನಮ್ಮ ರಾಜಕೀಯ ಈ ಗುರುತಿನ ಸುತ್ತಲೇ ತಿರುಗ್ತಿದೆ. ನ್ಯಾಯಮೂರ್ತಿ ನಾಗಮೋಹನ ದಾಸ್ ಸಮಿತಿಯ ವರದಿ ಆಧರಿಸಿ 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಲಿಂಗಾಯತಕ್ಕೆ ಪ್ರತ್ಯೇಕ ಧರ್ಮದ ಮಾನ್ಯತೆ ಕೊಡಿ ಅಂತ ಕೇಂದ್ರಕ್ಕೆ ಶಿಫಾರಸು ಮಾಡಿತು, ಕೇಂದ್ರ ಒಪ್ಪಲಿಲ್ಲ. 2025ರ ಸಮೀಕ್ಷೆ ಬಂದಾಗ ಧರ್ಮದ ಕಾಲಂನಲ್ಲಿ ಏನು ಬರೆಸಬೇಕು ಅಂತ ಮಠಗಳು, ಸಂಘಟನೆಗಳು ಕಿತ್ತಾಡಿದವು. 2022ರ ಮತಾಂತರ ನಿಷೇಧ ಕಾಯ್ದೆ, ದೊಡ್ಡವರು ಧರ್ಮ ಬದಲಿಸಬೇಕಾದರೆ 30 ದಿನ ಮೊದಲೇ ಜಿಲ್ಲಾಡಳಿತಕ್ಕೆ ತಿಳಿಸಬೇಕು ಅಂದಿತು. ಅದನ್ನು ಹಿಂಪಡೆಯೋಕೆ ಸಚಿವ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತು. ತನ್ನ ಬುದ್ಧಿಯಿಂದ ಆರಿಸಿಕೊಳ್ಳುವ ವಯಸ್ಕನ ಮೇಲೆ ಇಷ್ಟು ಅನುಮಾನ. ತೊಟ್ಟಿಲಲ್ಲಿರುವ ಕೂಸಿಗೆ ಜಾತಿ ಅಂಟಿಸುವಾಗ ಯಾವ ಕಚೇರಿಯೂ ನೋಟಿಸ್ ಕೇಳೋದಿಲ್ಲ.

ಲಿಂಗಾಯತ ಪ್ರತ್ಯೇಕ ಧರ್ಮವೋ ಅಲ್ಲವೋ ಅನ್ನೋ ಚರ್ಚೆ ಮುಖ್ಯವಾದದ್ದೇ. ಅದು ಕಾನೂನಿನ ಚರ್ಚೆ, ನಡೀಲಿ. ಆದರೆ ಬಸವಣ್ಣನವರ ಬದುಕು ಕೇಳುವ ಪ್ರಶ್ನೆ ಕಾಲಂ ತುಂಬುವುದರಿಂದ ಮುಗಿಯೋದಿಲ್ಲ. ಅಂತರ್ಜಾತಿ ಮದುವೆಯಾದ ಮಕ್ಕಳನ್ನು ಮನೆಯವರೇ ಕೊಂದ ಸುದ್ದಿಗಳನ್ನು ನಾನು ವರದಿ ಮಾಡಿದ್ದೇನೆ. ಅಂಥ ಮನೆಗಳಲ್ಲೂ ದೇವರ ಜಗುಲಿ ಇರ್ತದೆ, ಗೋಡೆ ಮೇಲೆ ಶರಣರ ಫೋಟೊ ಇರ್ತದೆ. ಆ ಮಕ್ಕಳೂ ಒಂದು ದಿನ ಕೂಸಾಗಿದ್ದವು. ಅವರನ್ನು ಎತ್ತಿಕೊಂಡು ಇವು ನಮ್ಮವು ಅಂದವರು ಇದೇ ದೊಡ್ಡವರು.

ಕೂಸಿಗೆ ಲಿಂಗ ಕಟ್ಟಬೇಡಿ, ನೀರು ಹಾಕಬೇಡಿ ಅಂತ ನಾನು ಹೇಳೋದಿಲ್ಲ. ಹದಿನಾರರಲ್ಲಿ ಬೇಡ ಅನ್ನುವ ಹಕ್ಕು ಆ ಕೂಸಿಗೆ ಇರಲೇಬೇಕು. ಹರಿಹರನ ಬಸವ ಆ ಹಕ್ಕನ್ನು ಚಲಾಯಿಸಿದ್ದರಿಂದಲೇ ನಮಗೆ ಬಸವಣ್ಣ ಸಿಕ್ಕರು. ಆದರೆ ಕಟ್ಟುವವರು, ನೀರು ಹಾಕಿಸುವವರು ತಾವು ಕೊಡುತ್ತಿರುವ ಮಾತೇನು ಅಂತ ತಿಳಿದು ಕೊಡಲಿ. ಕೂಸು ದೊಡ್ಡದಾಗಿ ಹರಳಯ್ಯನ ಪೈಕಿ ಮನೆಯಿಂದ ಸಂಗಾತಿಯನ್ನು ಕರೆತಂದ ದಿನ, ಜಾತಿ ಕೇಳದೆ ಬಾಗಿಲು ತೆಗೀತೀವಿ ಅನ್ನೋದು ಆ ಮಾತಿನಲ್ಲಿ ಸೇರಿದೆ. ನಿಮ್ಮ ಮನೆಯಲ್ಲಿ, ಬಂಧುಗಳ ಮನೆಯಲ್ಲಿ ಮುಂದಿನ ತೊಟ್ಟಿಲ ಕಾರ್ಯ ನಡೆದಾಗ, ಸ್ವಾಮಿಗಳು ಹೊರಡುವ ಮೊದಲು ಈ ಒಂದು ವಿಷಯ ಎತ್ತಿ ನೋಡಿ. ಹಿರಿಯರು ಸಿಟ್ಟಾಗಬಹುದು. ಪರವಾಗಿಲ್ಲ, ಆ ಚರ್ಚೆ ಕೂಸು ತೊಟ್ಟಿಲಲ್ಲಿರುವಾಗಲೇ ಶುರುವಾಗಲಿ. ಮದುವೆಯ ಹೊತ್ತಿಗೆ ಶುರು ಮಾಡಿದರೆ ತಡವಾಗ್ತದೆ.